ಆದರ್ಶ ಸಮಾಜ ಮತ್ತು ಲೆಕ್ಕದ ಪುಸ್ತಕ

ಹೆಗಡೆ ನಗರದಿಂದ ಯಲಹಂಕದ ಕಡೆಗೆ ಸಾಗುವಾಗ ಸಿಗುವ ತಿರುಮೇನಹಳ್ಳಿಯಲ್ಲಿ ರಾಜ್ಯದ ಹಜ್ ಭವನವಿದೆ. ವರ್ಷದ ಬಹುಪಾಲು ದಿನಗಳಲ್ಲಿ ಅದರ ಮುಂದೆ ಹಾದುಹೋಗುವವರಿಗೆ ಅದೊಂದು ದೊಡ್ಡ ಸರ್ಕಾರಿ ಕಟ್ಟಡ, ಅಷ್ಟೆ. ಯಾತ್ರೆಯ ಕಾಲ ಬಂದಾಗ ಮಾತ್ರ ಅಲ್ಲಿನ ಚಿತ್ರವೇ ಬೇರೆ. ರಾಜ್ಯದ ಬೇರೆ ಬೇರೆ ಜಿಲ್ಲೆಗಳ ಸಣ್ಣ ವ್ಯಾಪಾರಿಗಳು, ರೇಷ್ಮೆ ರೀಲರ್‌ಗಳು, ನಿವೃತ್ತ ನೌಕರರು, ಶ್ರೀಮಂತ ಗುತ್ತಿಗೆದಾರರು ಒಂದೇ ಸೂರಿನಡಿ ಸೇರಿ, ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಡುತ್ತಾರೆ. ಯಾತ್ರೆಯ ಮುಖ್ಯ ವಿಧಿಗಳಿಗೆ ಪುರುಷರು ತೊಡಬೇಕಾದದ್ದು ಹೊಲಿಗೆಯಿಲ್ಲದ ಎರಡು ತುಂಡು ಬಿಳಿ ಬಟ್ಟೆ ಮಾತ್ರ. ಅದನ್ನು ಉಟ್ಟ ಮೇಲೆ ಮಾಲೀಕ ಯಾರು, ಕೂಲಿಯವ ಯಾರು ಎಂದು ಗುರುತಿಸುವುದು ಸಾಧ್ಯವಿಲ್ಲ. ಹೊರಡುವ ಮೊದಲು ಸಾಲ ತೀರಿಸಬೇಕು, ಮನೆಯವರ ಜೀವನಕ್ಕೆ ವ್ಯವಸ್ಥೆ ಮಾಡಬೇಕು, ನೋಯಿಸಿದವರ ಬಳಿ ಕ್ಷಮೆ ಕೇಳಬೇಕು ಎಂಬುದು ಯಾತ್ರಿಕನಿಗಿರುವ ಷರತ್ತು.

ಕೆಲವು ದಿನಗಳ ಮಟ್ಟಿಗಾದರೂ ಸಾಧ್ಯವಾಗುವ ಈ ಸಮಾನತೆಯನ್ನು ವರ್ಷದ ಉಳಿದ ದಿನಗಳಿಗೂ, ಮಸೀದಿಯಿಂದ ಮಾರುಕಟ್ಟೆಗೂ, ಮಾರುಕಟ್ಟೆಯಿಂದ ಮನೆಯ ಅಡುಗೆಕೋಣೆಗೂ ವಿಸ್ತರಿಸಬೇಕೆಂಬ ಹಂಬಲವೇ ‘ಇಸ್ಲಾಮೀ ತತ್ವಗಳ ಆಧಾರದ ಆದರ್ಶ ಸಮಾಜ’ ಎಂಬ ಪರಿಕಲ್ಪನೆಯ ಮೂಲ. ಈ ಮಾತು ಕಿವಿಗೆ ಬಿದ್ದೊಡನೆ ನಮ್ಮ ವಿದ್ಯಾವಂತ ವಲಯದಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ಹುಟ್ಟುತ್ತವೆ. ಒಂದು ವರ್ಗಕ್ಕೆ ತಕ್ಷಣ ನೆನಪಾಗುವುದು ಕಠೋರ ಶಿಕ್ಷೆಗಳು, ಧರ್ಮಪ್ರಭುತ್ವ, ಅನ್ಯರಿಗೆ ಜಾಗವಿಲ್ಲದ ರಾಜ್ಯ. ಇನ್ನೊಂದು ವರ್ಗ ಏಳನೆಯ ಶತಮಾನದ ಮದೀನಾದ ವೈಭವವನ್ನು ವರ್ಣಿಸಿ, ಅದನ್ನು ಒಪ್ಪಿಕೊಂಡರೆ ಜಗತ್ತಿನ ಎಲ್ಲ ಸಮಸ್ಯೆಗಳೂ ಬಗೆಹರಿಯುತ್ತವೆ ಎಂದು ಭಾಷಣ ಮುಗಿಸುತ್ತದೆ. ಎರಡರಲ್ಲಿಯೂ ಪರೀಕ್ಷೆಯ ಪ್ರಶ್ನೆಯೇ ಏಳುವುದಿಲ್ಲ. ಒಂದು ಆದರ್ಶವನ್ನು ಅಳೆಯಬೇಕಾದದ್ದು ಅದರ ವೈರಿಗಳ ಭಯದಿಂದಲೂ ಅಲ್ಲ, ಭಕ್ತರ ಭಾವಾವೇಶದಿಂದಲೂ ಅಲ್ಲ. ಅದು ಹೇಳುವ ಮಾತು ನಮ್ಮ ಊರಿನ ಬೀದಿಯಲ್ಲಿ ಎಷ್ಟರಮಟ್ಟಿಗೆ ನಡೆಯುತ್ತಿದೆ ಎಂಬುದರಿಂದ.

ರಾಜ್ಯವೋ, ಸಮಾಜವೋ?

ಈ ಚರ್ಚೆ ಭಾರತಕ್ಕೆ ಹೊಸದಲ್ಲ. ಔರಂಗಾಬಾದಿನಲ್ಲಿ ಹುಟ್ಟಿದ ಮೌಲಾನಾ ಅಬುಲ್ ಅಅಲಾ ಮೌದೂದಿ 1941ರಲ್ಲಿ ಲಾಹೋರಿನಲ್ಲಿ ಜಮಾಅತೆ ಇಸ್ಲಾಮಿಯನ್ನು ಸ್ಥಾಪಿಸಿದಾಗ, ಇಸ್ಲಾಂ ಒಂದು ಸಮಗ್ರ ಜೀವನ ವ್ಯವಸ್ಥೆ, ಅದರ ಪೂರ್ಣತೆಗೆ ರಾಜ್ಯಾಧಿಕಾರವೂ ಅಗತ್ಯ ಎಂದು ವಾದಿಸಿದರು. ಅದಕ್ಕೂ ಮೊದಲೇ, 1938ರಲ್ಲಿ, ದೇವಬಂದ್‌ನ ಮೌಲಾನಾ ಹುಸೇನ್ ಅಹ್ಮದ್ ಮದನಿ ‘ಮುತ್ತಹಿದಾ ಕೌಮಿಯತ್ ಔರ್ ಇಸ್ಲಾಂ’ ಎಂಬ ಕೃತಿಯನ್ನು ಬರೆದು ಬೇರೊಂದು ಹಾದಿಯನ್ನು ತೋರಿಸಿದ್ದರು. ಪೈಗಂಬರ್ ಮುಹಮ್ಮದರು ಕ್ರಿ.ಶ. 622ರಲ್ಲಿ ಮದೀನಾಕ್ಕೆ ಬಂದ ಮೇಲೆ ಅಲ್ಲಿನ ಮುಸ್ಲಿಮರು ಹಾಗೂ ಯಹೂದಿ ಬುಡಕಟ್ಟುಗಳ ನಡುವೆ ಮಾಡಿಸಿದ ಒಡಂಬಡಿಕೆಯನ್ನು ಮದನಿ ಆಧಾರವಾಗಿ ಇಟ್ಟುಕೊಂಡರು. ಅವರವರ ಧರ್ಮ ಅವರವರಿಗೆ, ಊರಿನ ರಕ್ಷಣೆ ಮತ್ತು ನ್ಯಾಯ ಎಲ್ಲರಿಗೂ ಸೇರಿದ್ದು ಎಂಬ ಆ ಒಪ್ಪಂದದ ತಿರುಳನ್ನು ಮುಂದಿಟ್ಟುಕೊಂಡು, ಭಾರತದ ಹಿಂದೂ ಮುಸ್ಲಿಮರು ಒಂದೇ ರಾಷ್ಟ್ರದ ಪ್ರಜೆಗಳಾಗಿ ಬಾಳುವುದು ಧರ್ಮಸಮ್ಮತವೆಂದು ಅವರು ಪ್ರತಿಪಾದಿಸಿದರು. ಪ್ರತ್ಯೇಕ ರಾಷ್ಟ್ರದ ಬೇಡಿಕೆಯನ್ನು ವಿರೋಧಿಸಿದರು.

1950ರಲ್ಲಿ ಸಂವಿಧಾನ ಜಾರಿಯಾದ ಮೇಲೆ ಭಾರತದ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಸಿಕ್ಕಿತು ಎನ್ನಬಹುದು. ಇಲ್ಲಿ ರಾಜ್ಯಕ್ಕೆ ಧರ್ಮವಿಲ್ಲ. ಧರ್ಮಗಳಿಗೆ ಸಮಾಜದಲ್ಲಿ ಸ್ವಾತಂತ್ರ್ಯವಿದೆ. ಆದ್ದರಿಂದ ಇಲ್ಲಿನ ಮುಸ್ಲಿಮರ ಆದರ್ಶ ಸಮಾಜದ ಮಾತು ರಾಜ್ಯಾಧಿಕಾರದ ಮಾತಲ್ಲ, ಸಂಸ್ಥೆಗಳ ಮಾತು. ಝಕಾತ್, ವಕ್ಫ್, ಬಡ್ಡಿರಹಿತ ವ್ಯವಹಾರ, ತೂಕದಲ್ಲಿ ಪ್ರಾಮಾಣಿಕತೆ, ಹೆಣ್ಣಿನ ಆಸ್ತಿಹಕ್ಕು, ನೆರೆಯವರೊಡನೆ ನ್ಯಾಯ: ಇವಿಷ್ಟೂ ಒಂದು ಸಮುದಾಯ ಸಂವಿಧಾನದ ಚೌಕಟ್ಟಿನೊಳಗೆ ತಾನಾಗಿ ನಡೆಸಬಹುದಾದ ಕೆಲಸಗಳು. ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಗದ್ದುಗೆ ಬೇಕಿಲ್ಲ. ಬೇಕಾದದ್ದು ನಿಷ್ಠೆ, ಜೊತೆಗೆ ಲೆಕ್ಕ.

ಲೆಕ್ಕ ಎಂಬ ಪದವನ್ನು ಇಲ್ಲಿ ಉದ್ದೇಶಪೂರ್ವಕವಾಗಿಯೇ ಬಳಸಲಾಗಿದೆ. ಇಸ್ಲಾಮಿನ ನೀತಿಕಲ್ಪನೆಯ ಕೇಂದ್ರದಲ್ಲಿರುವುದು ‘ಹಿಸಾಬ್’. ಪ್ರತಿ ಮನುಷ್ಯನೂ ಕೊನೆಯ ದಿನ ತನ್ನ ಗಳಿಕೆ ಮತ್ತು ಖರ್ಚಿನ ಲೆಕ್ಕ ಒಪ್ಪಿಸಬೇಕೆಂಬ ನಂಬಿಕೆ ಅದು. ಕುರ್‌ಆನಿನ ಅತಿ ದೀರ್ಘ ವಚನ ಪ್ರಾರ್ಥನೆಯ ಬಗ್ಗೆಯಾಗಲೀ ಸ್ವರ್ಗದ ಬಗ್ಗೆಯಾಗಲೀ ಅಲ್ಲ ಎಂಬುದು ಗಮನಾರ್ಹ. ಎರಡನೆಯ ಅಧ್ಯಾಯದ 282ನೆಯ ಆ ವಚನ ಸಾಲದ ಪತ್ರವನ್ನು ಹೇಗೆ ಬರೆಯಬೇಕು ಎಂಬುದನ್ನು ಹೇಳುತ್ತದೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ವಾಯಿದೆಯನ್ನು ನಮೂದಿಸಿ, ಸಾಕ್ಷಿಗಳನ್ನಿಟ್ಟು, ನ್ಯಾಯವಾಗಿ ಬರೆಯುವ ಒಬ್ಬ ಬರಹಗಾರನಿಂದ ಬರೆಸಿಕೊಳ್ಳಬೇಕು. ಬರೆಯಲು ಬೇಸರಪಡಬಾರದು ಎಂಬುದು ಅದರ ಆಶಯ. ಅಂದರೆ ನಂಬಿಕೆಯ ಧರ್ಮಗ್ರಂಥವೇ, ಹಣದ ವಿಷಯದಲ್ಲಿ ಬರೀ ನಂಬಿಕೆ ಸಾಲದು ಎಂದು ಎಚ್ಚರಿಸಿದೆ.

ಈ ಎಚ್ಚರಿಕೆಯನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2019ರ ಜೂನ್‌ನಲ್ಲಿ ಕಣ್ಣಾರೆ ಕಂಡಿತು.

ನಂಬಿಕೆಯ ಠೇವಣಿ

2006ರಲ್ಲಿ ಆರಂಭವಾದ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ, ಶಿವಾಜಿನಗರವನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದ ಸಂಸ್ಥೆ. ಬಡ್ಡಿ ನಿಷಿದ್ಧವೆಂದು ನಂಬುವ, ಬ್ಯಾಂಕಿನ ಠೇವಣಿಗೆ ಹಿಂಜರಿಯುವ ಕುಟುಂಬಗಳಿಗೆ ಅದು ‘ಹಲಾಲ್’ ಹೂಡಿಕೆಯ ದಾರಿಯಾಗಿ ಕಂಡಿತು. ಹಣ ಕೊಟ್ಟವರನ್ನು ಠೇವಣಿದಾರರೆಂದು ಕರೆಯದೆ ಪಾಲುದಾರರೆಂದು ಕರೆಯಲಾಯಿತು. ಬರುವುದನ್ನು ಬಡ್ಡಿಯೆನ್ನದೆ ಲಾಭಾಂಶವೆನ್ನಲಾಯಿತು. ತಿಂಗಳಿಗೆ ನೂರಕ್ಕೆ ಎರಡೂವರೆ, ಮೂರು ರೂಪಾಯಿಯಷ್ಟು ಬರುತ್ತಿದ್ದ ಕಾಲವೂ ಇತ್ತು ಎಂದು ಹೂಡಿಕೆದಾರರು ಹೇಳಿದರು. ಶಿವಾಜಿನಗರದ ಒಂದು ಸರ್ಕಾರಿ ಶಾಲೆಯನ್ನು ದತ್ತು ಪಡೆದು ಅದರ ಚಹರೆಯನ್ನೇ ಬದಲಿಸಿದ ಸಂಸ್ಥೆಯ ಬಗ್ಗೆ ಸಂಶಯಪಡಲು ಜನರಿಗೆ ಕಾರಣವಾದರೂ ಎಲ್ಲಿತ್ತು? 2019ರ ಜೂನ್‌ನಲ್ಲಿ ಅಂಗಡಿಯ ಬಾಗಿಲು ಮುಚ್ಚಿತು, ಮುಖ್ಯಸ್ಥ ದೇಶ ಬಿಟ್ಟಿದ್ದ. ಜುಲೈನಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲಿ ಆತನ ಬಂಧನವಾಯಿತು. ಆ ವರ್ಷವೇ ತನಿಖೆ ಸಿಬಿಐಗೆ ಹೋಯಿತು. ನಲವತ್ತು ಸಾವಿರಕ್ಕೂ ಹೆಚ್ಚು ದೂರುಗಳು ದಾಖಲಾದವು. ಹಗರಣದ ಮೊತ್ತ ಸುಮಾರು 4,000 ಕೋಟಿ ರೂಪಾಯಿ ಎಂದು ಅಂದಾಜಾಯಿತು.

ಕಳೆದುಹೋದದ್ದು ಕೋಟ್ಯಧಿಪತಿಗಳ ಹಣವಷ್ಟೇ ಅಲ್ಲ. ಮಗಳ ಮದುವೆಗೆಂದು ಕೂಡಿಟ್ಟದ್ದು, ಕೊಲ್ಲಿ ದೇಶದಲ್ಲಿ ದುಡಿದು ಕಳಿಸಿದ್ದು, ನಿವೃತ್ತಿಯ ದಿನ ಕೈಗೆ ಬಂದದ್ದು, ಒಡವೆ ಮಾರಿ ತಂದದ್ದು, ಎಲ್ಲವೂ ಅದರೊಳಗಿತ್ತು. ಹಾಗೆಂದು ಈ ದುರಂತವನ್ನು ಒಂದು ಸಮುದಾಯದ ದೋಷವೆಂದು ಬಣ್ಣಿಸುವುದು ಅನ್ಯಾಯ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಬೀದಿಗೆ ಬಂದ ಹಿರಿಯ ನಾಗರಿಕರ ಕಣ್ಣೀರಿಗೂ ಶಿವಾಜಿನಗರದ ಕಣ್ಣೀರಿಗೂ ವ್ಯತ್ಯಾಸವಿರಲಿಲ್ಲ. ಎರಡೂ ಕಡೆ ಜನ ಹಣ ಇಟ್ಟದ್ದು ‘ನಮ್ಮವರು’ ಎಂಬ ಭರವಸೆಯ ಮೇಲೆ. ಒಂದೇ ಅಂತರವೆಂದರೆ, ಬಸವನಗುಡಿಯದು ಬ್ಯಾಂಕ್ ಆಗಿದ್ದುದರಿಂದ ಐದು ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆಯ ಆಸರೆಯಾದರೂ ಇತ್ತು. ಶಿವಾಜಿನಗರದ ‘ಪಾಲುದಾರ’ರಿಗೆ ಅದೂ ಇರಲಿಲ್ಲ.

ತತ್ವದ ದೃಷ್ಟಿಯಿಂದ ನೋಡಿದರೆ ಇಲ್ಲಿ ಇನ್ನೂ ಒಂದು ಪ್ರಶ್ನೆಯಿದೆ. ಇಸ್ಲಾಮೀ ಅರ್ಥಶಾಸ್ತ್ರದಲ್ಲಿ ಬಡ್ಡಿಯ ಬದಲಿಗೆ ಬರುವುದು ‘ಮುದಾರಬ’. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ. ಲಾಭ ಬಂದರೆ ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೆ. ನಷ್ಟವಾದರೆ ಬಂಡವಾಳ ಹೂಡಿದವನು ಹಣವನ್ನೂ ದುಡಿದವನು ಶ್ರಮವನ್ನೂ ಕಳೆದುಕೊಳ್ಳಬೇಕು. ಖಚಿತ ಲಾಭದ ಭರವಸೆ ಕೊಟ್ಟ ಕ್ಷಣವೇ ಆ ಒಪ್ಪಂದ ಅಸಿಂಧು. ಬಡ್ಡಿಯನ್ನು ನಿಷೇಧಿಸಿದ್ದರ ಹಿಂದಿನ ನ್ಯಾಯವೂ ಇದೇ: ಸಾಲಗಾರ ಮುಳುಗಿದರೂ ಸಾಲಿಗ ತೇಲಬಾರದು, ವ್ಯಾಪಾರದ ಅಪಾಯವನ್ನು ಇಬ್ಬರೂ ಹೊರಬೇಕು. ಹಾಗಿರುವಾಗ ತಿಂಗಳು ತಿಂಗಳೂ ತಪ್ಪದೆ, ಎಲ್ಲ ವ್ಯಾಪಾರದ ರೂಢಿಯನ್ನೂ ಮೀರಿ ಬರುವ ಹಣ ‘ಹಲಾಲ್’ ಹೇಗಾದೀತು? ಈ ಪ್ರಶ್ನೆಯನ್ನು ಕೇಳಬೇಕಾದವರು ಹೂಡಿಕೆದಾರರಷ್ಟೇ ಅಲ್ಲ. ಶಾಸ್ತ್ರ ಬಲ್ಲವರೂ ಬ್ಯಾಲೆನ್ಸ್ ಶೀಟ್ ಓದಬಲ್ಲವರೂ ಜೊತೆಯಾಗಿ ಕೇಳಬೇಕಿತ್ತು.

ಇದರಲ್ಲಿ ವ್ಯವಸ್ಥೆಯ ಪಾಲೂ ಇದೆ. ನಂಬಿಕೆಯ ಕಾರಣಕ್ಕೆ ಬ್ಯಾಂಕಿನಿಂದ ದೂರ ಉಳಿದವರಿಗೆ ಬಡ್ಡಿರಹಿತ ಬ್ಯಾಂಕಿಂಗ್ ಸೌಲಭ್ಯ ಒದಗಿಸಬೇಕೆಂದು 2008ರಲ್ಲಿ ರಘುರಾಮ್ ರಾಜನ್ ನೇತೃತ್ವದ ಹಣಕಾಸು ಸುಧಾರಣಾ ಸಮಿತಿ ಶಿಫಾರಸು ಮಾಡಿತ್ತು. ಎಲ್ಲರಿಗೂ ಸಮಾನ ಬ್ಯಾಂಕಿಂಗ್ ಅವಕಾಶಗಳಿವೆ ಎಂಬ ಕಾರಣ ನೀಡಿ ರಿಸರ್ವ್ ಬ್ಯಾಂಕ್ 2017ರಲ್ಲಿ ಆ ಪ್ರಸ್ತಾವವನ್ನು ಕೈಬಿಟ್ಟಿತು. ನಿಯಂತ್ರಣದೊಳಗಿನ ಬಾಗಿಲು ಮುಚ್ಚಿದ್ದರೆ ನಿಯಂತ್ರಣವಿಲ್ಲದ ಬಾಗಿಲು ತೆರೆದುಕೊಳ್ಳುತ್ತದೆ. ಹಾಗೆಂದು ದಾರಿಗಳು ಪೂರ್ತಿ ಇಲ್ಲವೆಂದಲ್ಲ. ಬಡ್ಡಿ, ಮದ್ಯ ಮೊದಲಾದ ವ್ಯವಹಾರಗಳ ಕಂಪನಿಗಳನ್ನು ಬಿಟ್ಟು ಹಣ ಹೂಡುವ ಟಾಟಾ ಎಥಿಕಲ್ ಫಂಡ್ 1996ರಿಂದಲೇ ಇದೆ, ಸೆಬಿಯ ನಿಗಾ ಅದರ ಮೇಲಿದೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಸದಸ್ಯರ ನಡುವೆ ಬಡ್ಡಿಯಿಲ್ಲದ ಸಾಲ ಕೊಡುವ ಸಹಕಾರ ಸಂಘವನ್ನು ಕಟ್ಟಿ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಗೆ ಒಪ್ಪಿಸುವುದು ಇಲ್ಲಿ ಅಸಾಧ್ಯದ ಮಾತಲ್ಲ.

ನಲವತ್ತರಲ್ಲಿ ಒಂದು ಪಾಲು

ಆದರ್ಶ ಸಮಾಜದ ಎರಡನೆಯ ಕಂಬ ಝಕಾತ್. ಏಳೂವರೆ ತೊಲ ಚಿನ್ನ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿಯ ಬೆಲೆಗೆ ಸಮನಾದ ಸಂಪತ್ತು ಒಂದು ವರ್ಷ ಕೈಯಲ್ಲಿ ಉಳಿದರೆ, ಅದರ ನಲವತ್ತನೆಯ ಒಂದು ಭಾಗ, ಎಂದರೆ ಶೇಕಡಾ ಎರಡೂವರೆ, ಬಡವರ ಪಾಲು. ಹತ್ತು ಲಕ್ಷ ಉಳಿತಾಯವಿದ್ದವನು ಇಪ್ಪತ್ತೈದು ಸಾವಿರ ಕೊಡಬೇಕು. ಮಳೆ ನೀರಿನಿಂದ ಬೆಳೆದ ಬೆಳೆಗೆ ಹತ್ತರಲ್ಲಿ ಒಂದು, ರೈತ ಸ್ವತಃ ನೀರು ಹಾಯಿಸಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು ಎಂದು ಲೆಕ್ಕ ಹಾಕಿದ ಸೂಕ್ಷ್ಮತೆ ಇಲ್ಲಿದೆ. ಕುರ್‌ಆನಿನ ಒಂಬತ್ತನೆಯ ಅಧ್ಯಾಯ ಇದನ್ನು ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಹೆಸರಿಸುತ್ತದೆ. ಬಡವರು, ನಿರ್ಗತಿಕರ ಜೊತೆಗೆ ಸಾಲದಲ್ಲಿ ಮುಳುಗಿದವರು, ದಾರಿಹೋಕರು, ಬಂಧನದಿಂದ ಬಿಡುಗಡೆಯಾಗಬೇಕಾದವರು ಅದರಲ್ಲಿದ್ದಾರೆ. ಇದು ದಾನವಲ್ಲ, ಹಕ್ಕು. ಕೊಡುವವನು ಕೈ ಮೇಲೆ ಮಾಡಿ ಕೊಡುವಂತಿಲ್ಲ, ಪಡೆಯುವವನು ತಲೆ ತಗ್ಗಿಸಬೇಕಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ದಾನದಿಂದ ದಾಸೋಹವನ್ನು ಬೇರ್ಪಡಿಸಿ ನೋಡಿದ್ದನ್ನು ಬಲ್ಲ ಕನ್ನಡಿಗರಿಗೆ ಈ ಭೇದ ಸುಲಭವಾಗಿ ಅರ್ಥವಾದೀತು.

ಆದರೆ ನಡೆಯುತ್ತಿರುವುದೇನು? ರಂಜಾನ್ ತಿಂಗಳಲ್ಲಿ ಮಸೀದಿಗಳ ಮುಂದೆ, ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತವರ ಕೈಗೆ ನೂರು, ಐನೂರು ರೂಪಾಯಿಯ ನೋಟುಗಳು ಬೀಳುತ್ತವೆ. ಹಬ್ಬ ಮುಗಿಯುವ ಹೊತ್ತಿಗೆ ಅದು ಕರಗಿರುತ್ತದೆ. ಮುಂದಿನ ವರ್ಷ ಅದೇ ಸಾಲು, ಅದೇ ಮುಖಗಳು. ಪಡೆದವನು ಮುಂದೊಂದು ದಿನ ಕೊಡುವವನಾಗಬೇಕೆಂಬ ಝಕಾತಿನ ಉದ್ದೇಶ ಇದರಿಂದ ಈಡೇರುವುದು ಹೇಗೆ? ಇದೇ ಹಣ ಒಂದೆಡೆ ಸೇರಿದರೆ ಒಬ್ಬ ಆಟೋ ಚಾಲಕ ಮೀಟರ್ ಬಡ್ಡಿಯ ಸಾಲದಿಂದ ಹೊರಬಂದಾನು, ಒಬ್ಬಳು ನರ್ಸಿಂಗ್ ಓದಿಯಾಳು. ಬೆಂಗಳೂರು ಇದಕ್ಕೆ ಮಾದರಿಯನ್ನೇ ಕಂಡಿಲ್ಲವೆಂದಲ್ಲ. ಶಸ್ತ್ರಚಿಕಿತ್ಸಕರಾಗಿದ್ದ ಡಾ. ಮುಮ್ತಾಜ್ ಅಹ್ಮದ್ ಖಾನ್ 1966ರಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಲು ಹೊರಟಾಗ ಅವರ ಕೈಯಲ್ಲಿದ್ದದ್ದು ಇಂಥ ಸಣ್ಣ ಸಣ್ಣ ದೇಣಿಗೆಗಳೇ. 2021ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅದು ಎಲ್ಲ ಧರ್ಮದ ಮಕ್ಕಳೂ ಓದುವ ಹಲವು ಶಾಲೆ ಕಾಲೇಜುಗಳಾಗಿ ಬೆಳೆದಿತ್ತು.

ಮೂರನೆಯದು ವಕ್ಫ್. ತನ್ನ ಆಸ್ತಿಯನ್ನು ದೇವರ ಹೆಸರಿಗೆ ಬಿಟ್ಟು, ಅದರ ಆದಾಯ ನಿರಂತರವಾಗಿ ಜನರಿಗೆ ಸಲ್ಲುವಂತೆ ಮಾಡುವುದು ಇದರ ಆಶಯ. 2006ರ ಸಾಚಾರ್ ಸಮಿತಿ ವರದಿಯ ಅಂಕಿಗಳನ್ನು ಮತ್ತೆ ಮತ್ತೆ ಓದಬೇಕು. ದೇಶದ ನೋಂದಾಯಿತ ವಕ್ಫ್ ಆಸ್ತಿಗಳು ಆಗ 4.9 ಲಕ್ಷ, ವಿಸ್ತೀರ್ಣ ಸುಮಾರು ಆರು ಲಕ್ಷ ಎಕರೆ, ಮಾರುಕಟ್ಟೆ ಬೆಲೆಯ ಅಂದಾಜು 1.2 ಲಕ್ಷ ಕೋಟಿ ರೂಪಾಯಿ. ಶೇಕಡಾ ಹತ್ತರ ಆದಾಯ ಬಂದರೂ ವರ್ಷಕ್ಕೆ 12 ಸಾವಿರ ಕೋಟಿ. ಬರುತ್ತಿದ್ದದ್ದು 163 ಕೋಟಿ. ಕರ್ನಾಟಕದಲ್ಲಿ ಅಲ್ಪಸಂಖ್ಯಾತರ ಆಯೋಗದ ಅಂದಿನ ಅಧ್ಯಕ್ಷ ಅನ್ವರ್ ಮಾಣಿಪ್ಪಾಡಿ 2012ರಲ್ಲಿ ಸಲ್ಲಿಸಿದ ವರದಿ, ರಾಜ್ಯದ ವಕ್ಫ್ ಜಮೀನಿನಲ್ಲಿ ಸುಮಾರು 27 ಸಾವಿರ ಎಕರೆ ದುರ್ಬಳಕೆಯಾಗಿದೆ ಎಂದು ಆರೋಪಿಸಿತು. ಆ ಆರೋಪಗಳ ಸತ್ಯಾಸತ್ಯತೆ ಏನೇ ಇರಲಿ, ದೇವರ ಹೆಸರಿನ ಆಸ್ತಿಗೆ ಮನುಷ್ಯರ ಲೆಕ್ಕಪತ್ರ ಸರಿಯಾಗಿರಲಿಲ್ಲ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ದಾಖಲೆಗಳ ಅವ್ಯವಸ್ಥೆ ಇನ್ನೊಂದು ಬಗೆಯ ಅನ್ಯಾಯಕ್ಕೂ ದಾರಿಯಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ಹೊನವಾಡದ ರೈತರು ತಮ್ಮ ಹೊಲಗಳು ವಕ್ಫ್ ಆಸ್ತಿಯೆಂದು ನಮೂದಾಗುವ ಭೀತಿಯಿಂದ ಬೀದಿಗಿಳಿದರು. ನವೆಂಬರ್‌ನಲ್ಲಿ ರೈತರಿಗೆ ನೀಡಿದ ನೋಟಿಸುಗಳನ್ನು ಹಿಂಪಡೆಯಲು ಮುಖ್ಯಮಂತ್ರಿಯೇ ಸೂಚಿಸಬೇಕಾಯಿತು. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಕಾಯ್ದೆ ಜಾರಿಯಾಯಿತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶದಲ್ಲಿ ಅದರ ಕೆಲವು ಅಂಶಗಳನ್ನು ತಡೆಹಿಡಿಯಿತು. ಸಮುದಾಯದ ಸ್ವಾಯತ್ತತೆಗೆ ಧಕ್ಕೆಯಾಗುತ್ತದೆ ಎಂಬ ಆತಂಕ ಸಕಾರಣವಾದದ್ದು. ಆದರೆ ಮನೆಯ ಯಜಮಾನ ಲೆಕ್ಕ ಬರೆಯದಿದ್ದಾಗ ಬೀದಿಯವರು ಬಂದು ಬರೆಯಲು ತೊಡಗುತ್ತಾರೆ ಎಂಬುದೂ ನೆನಪಿರಬೇಕು. ಬೇರೆಯವನ ಹೊಲದ ಮೇಲೆ ನಿಂತ ವಕ್ಫ್ ಧರ್ಮದ ದೃಷ್ಟಿಯಲ್ಲಿಯೂ ವಕ್ಫ್ ಅಲ್ಲ. ವಕ್ಫ್ ಜಮೀನಿನ ಮೇಲೆ ಬಿಡಿಗಾಸು ಬಾಡಿಗೆಗೆ ಎದ್ದ ವಾಣಿಜ್ಯ ಸಂಕೀರ್ಣವೂ ನ್ಯಾಯವಲ್ಲ.

ಮನೆಯೊಳಗಿನ ನ್ಯಾಯ

ಆದರ್ಶ ಸಮಾಜದ ಅತ್ಯಂತ ಕಠಿಣ ಪರೀಕ್ಷೆ ನಡೆಯುವುದು ಮನೆಯೊಳಗೆ. ಹೆಣ್ಣಿಗೆ ಪಿತ್ರಾರ್ಜಿತದಲ್ಲಿ ಪಾಲು, ಮದುವೆಯಲ್ಲಿ ಮೆಹರ್, ತನ್ನ ಗಳಿಕೆಯ ಮೇಲೆ ಸಂಪೂರ್ಣ ಒಡೆತನವನ್ನು ಏಳನೆಯ ಶತಮಾನದಲ್ಲಿಯೇ ಕೊಟ್ಟದ್ದು ಇಸ್ಲಾಮಿನ ಹೆಮ್ಮೆ. ಪೈಗಂಬರರ ಮೊದಲ ಪತ್ನಿ ಖದೀಜಾ ಸ್ವತಂತ್ರ ವ್ಯಾಪಾರಿಯಾಗಿದ್ದರು. ಇಂದಿನ ವಾಸ್ತವವೇನು? ಮಗಳ ಪಾಲು ಮಗನ ಪಾಲಿನ ಅರ್ಧ ಎಂಬ ನಿಯಮವನ್ನು ಸಮಾನತೆಯ ದೃಷ್ಟಿಯಿಂದ ಪ್ರಶ್ನಿಸುವವರಿದ್ದಾರೆ. ಆ ಅರ್ಧವೂ ಕೈಗೆ ಸಿಗದ ಹೆಣ್ಣುಮಕ್ಕಳ ಸಂಖ್ಯೆ ಅದಕ್ಕಿಂತ ದೊಡ್ಡ ಪ್ರಶ್ನೆ. 1937ರ ಶರೀಅತ್ ಅನ್ವಯ ಕಾಯ್ದೆಯೇ ಕೃಷಿಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಗಂಡು ಕೊಡಬೇಕಾದ ಮೆಹರ್ ನಿಕಾಹ್‌ನಾಮೆಯಲ್ಲಿ ಸಾಂಕೇತಿಕ ಮೊತ್ತವಾಗಿ ಉಳಿದರೆ, ಹೆಣ್ಣಿನವರು ಕೊಡುವ ವರದಕ್ಷಿಣೆ ಮಾತ್ರ ನಗದು, ವಾಹನ, ಮದುವೆ ಮಂಟಪದ ಖರ್ಚಾಗಿ ಬೆಳೆಯುತ್ತದೆ. ಬಡ್ಡಿಗೆ ಹೆದರುವ ಮನೆಗಳು ವರದಕ್ಷಿಣೆಗೆ ಹೆದರುವುದಿಲ್ಲ.

ಈ ಕಟು ಸತ್ಯವನ್ನು ಹೊರಗಿನವರಿಗಿಂತ ಮೊದಲು ಹೇಳಿದವರು ಕನ್ನಡದ ಮುಸ್ಲಿಂ ಲೇಖಕಿಯರೇ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ತಲಾಖ್‌ಗೆ ಬಲಿಯಾದ ಹೆಣ್ಣಿನ ಪಾಡನ್ನು ಬರೆದಾಗ ಎದುರಿಸಿದ ವಿರೋಧ ಸಣ್ಣದಲ್ಲ. ಒಂದೇ ಉಸಿರಿನ ಮೂರು ತಲಾಖ್ ಅಸಿಂಧುವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 22ರಂದು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಾಡೆಲ್ಲ ಸಂಭ್ರಮಿಸಿತು. ಆ ಕಥೆಗಳ ಹೆಣ್ಣುಮಕ್ಕಳು ಕೇಳುತ್ತಿರುವುದು ಧರ್ಮದಿಂದ ಬಿಡುಗಡೆಯನ್ನಲ್ಲ, ಧರ್ಮ ಕೊಡುತ್ತೇನೆಂದ ನ್ಯಾಯವನ್ನು ಎಂಬುದನ್ನು ಸಂಭ್ರಮಿಸಿದವರು ಗಮನಿಸಬೇಕು. 2018ರಿಂದ 45 ದಾಟಿದ ಮಹಿಳೆಯರು ಗುಂಪಾಗಿ, ಪುರುಷ ರಕ್ತಸಂಬಂಧಿಯ ಜೊತೆಯಿಲ್ಲದೆ ಹಜ್‌ಗೆ ಹೊರಡಲು ಅವಕಾಶ ಸಿಕ್ಕಿದೆ. ದಾರಿ ನಿಧಾನವಾಗಿಯಾದರೂ ತೆರೆದುಕೊಳ್ಳುತ್ತಿದೆ.

ಎರಡು ರಾತ್ರಿಗಳು

ಉತ್ತರ ಬೆಂಗಳೂರಿನ ಇತ್ತೀಚಿನ ಇತಿಹಾಸದಲ್ಲಿ ಈ ಆದರ್ಶ ಸೋತದ್ದಕ್ಕೂ ಗೆದ್ದದ್ದಕ್ಕೂ ಸಾಕ್ಷಿಗಳಿವೆ. 2020ರ ಆಗಸ್ಟ್ 11ರ ರಾತ್ರಿ ಶಾಸಕ ಅಖಂಡ ಶ್ರೀನಿವಾಸಮೂರ್ತಿಯವರ ಸಂಬಂಧಿಯೊಬ್ಬ ಪೈಗಂಬರರನ್ನು ನಿಂದಿಸಿ ಫೇಸ್‌ಬುಕ್‌ನಲ್ಲಿ ಹಾಕಿದ ಬರಹಕ್ಕೆ ಕೆರಳಿದ ಗುಂಪು ಕಾವಲ್ ಭೈರಸಂದ್ರದಲ್ಲಿದ್ದ ಶಾಸಕರ ಮನೆಗೆ ಬೆಂಕಿ ಹಚ್ಚಿತು, ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಪೊಲೀಸ್ ಠಾಣೆಗಳ ಮೇಲೆ ದಾಳಿ ನಡೆಯಿತು. ಗೋಲಿಬಾರಿನಲ್ಲಿ ಮೂವರು ಸತ್ತರು. ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರಲಾರ ಎಂಬುದು ಕುರ್‌ಆನ್ ಹಲವು ಬಾರಿ ಹೇಳುವ ತತ್ವ. ಬರೆದವನೊಬ್ಬ, ಸುಟ್ಟದ್ದು ಬೇರೊಬ್ಬರ ಮನೆ! ಪೈಗಂಬರರ ಗೌರವ ಕಾಯಲು ಹೊರಟವರು ಅವರು ಕಲಿಸಿದ ನ್ಯಾಯದ ಮೊದಲ ಪಾಠವನ್ನೇ ಸುಟ್ಟರು. ಅದೇ ರಾತ್ರಿ ಅದೇ ಪ್ರದೇಶದ ಕೆಲವು ಮುಸ್ಲಿಂ ಯುವಕರು ಕೈ ಕೈ ಹಿಡಿದು ದೇವಸ್ಥಾನವೊಂದರ ಸುತ್ತ ಸರಪಳಿ ನಿರ್ಮಿಸಿ ಅದನ್ನು ಕಾಯ್ದರು ಎಂಬುದನ್ನೂ ನಾವು ಮರೆಯಬಾರದು.

ಇನ್ನೊಂದು, 2021ರ ಏಪ್ರಿಲ್ ಮೇ ತಿಂಗಳ ರಾತ್ರಿಗಳು. ಯಲಹಂಕದ ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಗಂಟೆಗಟ್ಟಲೆ ಸರದಿಯಲ್ಲಿ ನಿಂತಿದ್ದವು. ಹೆತ್ತವರ ಶವ ಮುಟ್ಟಲು ಮಕ್ಕಳೇ ಅಂಜುತ್ತಿದ್ದ ಆ ದಿನಗಳಲ್ಲಿ ನಗರದ ಹಲವು ಸ್ವಯಂಸೇವಾ ತಂಡಗಳು ಶವ ಹೊತ್ತವು. ‘ಮರ್ಸಿ ಮಿಷನ್’ ಎಂಬ ಒಕ್ಕೂಟದಲ್ಲಿ ಸೇರಿದ ಮುಸ್ಲಿಂ ಯುವಕರು ಅವರಲ್ಲಿದ್ದರು. ಅವರು ಹೂಳಬೇಕಾದವರನ್ನು ಹೂಳಿದರು, ಸುಡಬೇಕಾದವರನ್ನು ಸುಡಲು ನೆರವಾದರು, ಅವರವರ ಧರ್ಮದ ವಿಧಿಗೆ ತಕ್ಕಂತೆ. ಇಸ್ಲಾಮೀ ಶಾಸ್ತ್ರದಲ್ಲಿ ‘ಫರ್ಜ್ ಕಿಫಾಯಾ’ ಎಂಬ ಪರಿಕಲ್ಪನೆಯಿದೆ. ಶವಸಂಸ್ಕಾರದಂಥ ಕೆಲಸವನ್ನು ಕೆಲವರು ಮಾಡಿದರೆ ಎಲ್ಲರ ಋಣ ತೀರುತ್ತದೆ, ಯಾರೂ ಮಾಡದಿದ್ದರೆ ಇಡೀ ಸಮುದಾಯವೇ ಅಪರಾಧಿ. ಆ ಕರ್ತವ್ಯದ ವ್ಯಾಪ್ತಿಯನ್ನು ತಮ್ಮವರಿಂದ ಊರಿನವರೆಲ್ಲರಿಗೂ ಹಿಗ್ಗಿಸಿದ್ದು ಆ ಯುವಕರ ದೊಡ್ಡತನ. ತಿರುಮೇನಹಳ್ಳಿಯ ಹಜ್ ಭವನವೂ 2020ರಲ್ಲಿ ಕೋವಿಡ್ ಆರೈಕೆ ಕೇಂದ್ರವಾಗಿ ಎಲ್ಲರಿಗೂ ಬಾಗಿಲು ತೆರೆಯಿತು. ಆದರ್ಶ ಸಮಾಜದ ಬಗೆಗಿನ ಯಾವ ಗ್ರಂಥವೂ ಇದಕ್ಕಿಂತ ಚೆನ್ನಾಗಿ ತನ್ನ ಮಾತನ್ನು ವಿವರಿಸಲಾರದು.

ಇಲ್ಲಿ ಬಹುಸಂಖ್ಯಾತರ ಹೊಣೆಯ ಮಾತೂ ಬರುತ್ತದೆ. ಬೆಂಗಳೂರಿನ ಬಡಾವಣೆಗಳಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಫಲಕ ನೋಡಿ ಒಳಹೋದವರು ಹೆಸರು ಹೇಳಿದೊಡನೆ ‘ಈಗಷ್ಟೇ ಕೊಟ್ಟುಬಿಟ್ಟೆವು’ ಎಂಬ ಉತ್ತರ ಕೇಳಿ ಹಿಂತಿರುಗುವುದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಒಂದು ಸಮುದಾಯವನ್ನು ಕೆಲವೇ ಬೀದಿಗಳಿಗೆ ತಳ್ಳಿ, ಆನಂತರ ಅವರು ಮುಖ್ಯವಾಹಿನಿಗೆ ಬರುವುದಿಲ್ಲವೆಂದು ದೂರುವುದು ಆತ್ಮವಂಚನೆ. ನೆರೆಯವನ ಹಕ್ಕಿನ ಬಗ್ಗೆ ಇಸ್ಲಾಂ ಏನು ಹೇಳುತ್ತದೆಂದು ಮುಸ್ಲಿಮರನ್ನು ಕೇಳುವ ನಾವು, ನಮ್ಮ ಧರ್ಮ, ನಮ್ಮ ಸಂವಿಧಾನ ಅದೇ ವಿಷಯದಲ್ಲಿ ಏನು ಹೇಳುತ್ತವೆಂದು ನಮ್ಮನ್ನೂ ಕೇಳಿಕೊಳ್ಳಬೇಡವೆ?

ತಕ್ಕಡಿ

ಕುರ್‌ಆನಿನ 83ನೆಯ ಅಧ್ಯಾಯದ ಹೆಸರೇ ತೂಕದಲ್ಲಿ ಮೋಸ ಮಾಡುವವರು ಎಂಬ ಅರ್ಥದ್ದು. ಪೈಗಂಬರರು ಮದೀನಾದ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಮೇಲೆ ಒಣಗಿದ್ದು ಒಳಗೆ ಒದ್ದೆಯಾಗಿದ್ದುದನ್ನು ಕಂಡು ವ್ಯಾಪಾರಿಯನ್ನು ಗದರಿದ ಪ್ರಸಂಗ ಹದೀಸುಗಳಲ್ಲಿದೆ. ಮುಂದೆ ಮಾರುಕಟ್ಟೆಯ ಅಳತೆ, ತೂಕ, ಬೆಲೆಗಳ ಮೇಲೆ ಕಣ್ಣಿಡಲು ‘ಮುಹ್ತಸಿಬ್’ ಎಂಬ ಅಧಿಕಾರಿಯೇ ಬಂದ. ಇಂದು ಆ ಕೆಲಸಕ್ಕೆ ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಕಾನೂನಿದೆ, ಅಳತೆ ಮತ್ತು ತೂಕ ಇಲಾಖೆಯಿದೆ. ಆದರೂ ತಕ್ಕಡಿಯ ಮುಂದೆ ನಿಂತ ರೈತ ಮೊದಲು ನೋಡುವುದು ಇಲಾಖೆಯ ಮುದ್ರೆಯನ್ನಲ್ಲ, ತೂಗುವವನ ಕೈಯನ್ನು. ಆ ಕೈ ಯಾವ ಧರ್ಮದ್ದೆಂಬುದು ಅವನಿಗೆ ಬೇಕಿಲ್ಲ. ಸರಿಯಾಗಿ ತೂಗಿದರೆ ಸಾಕು.

2012ರಲ್ಲಿ ಸುಪ್ರೀಂ ಕೋರ್ಟ್ ಹಜ್ ಸಬ್ಸಿಡಿಯನ್ನು ಹತ್ತು ವರ್ಷಗಳಲ್ಲಿ ಕೊನೆಗಾಣಿಸಲು ಹೇಳಿದಾಗ, ಶಕ್ತಿಯಿದ್ದವರಿಗೆ ಮಾತ್ರ ಹಜ್ ಕಡ್ಡಾಯ ಎಂಬ ಕುರ್‌ಆನಿನ ಮಾತನ್ನೇ ಉಲ್ಲೇಖಿಸಿತು. 2018ರಲ್ಲಿ ಸಬ್ಸಿಡಿ ನಿಂತಿತು, ಯಾತ್ರೆ ನಿಲ್ಲಲಿಲ್ಲ. ಸರ್ಕಾರದ ನೆರವಿಲ್ಲದೆ ತಮ್ಮ ತತ್ವಕ್ಕೆ ಬದ್ಧರಾಗಿರಬಲ್ಲೆವು ಎಂದು ಸಾಮಾನ್ಯ ಮುಸ್ಲಿಮರು ತೋರಿಸಿದ ಮೇಲೆ, ಉಳಿದ ಸಂಸ್ಥೆಗಳಿಗೂ ಅದೇ ನಿಷ್ಠೆ ಯಾಕೆ ಬೇಡ? ಪ್ರತಿ ಮಸೀದಿ ಸಮಿತಿ ತಾನು ಸಂಗ್ರಹಿಸಿದ ಝಕಾತ್ ಎಷ್ಟು, ಯಾರಿಗೆ ಯಾವ ಉದ್ದೇಶಕ್ಕೆ ಹೋಯಿತು ಎಂಬುದನ್ನು ಪಡೆದವರ ಹೆಸರು ಬಹಿರಂಗಪಡಿಸದೆ ವರ್ಷಕ್ಕೊಮ್ಮೆ ಫಲಕದಲ್ಲಿ ಹಾಕಲಿ. ಪ್ರತಿ ಮುತವಲ್ಲಿ ತನ್ನ ವಶದ ಆಸ್ತಿಯ ಬಾಡಿಗೆಯನ್ನು ಬಹಿರಂಗಪಡಿಸಲಿ. ನಿಕಾಹ್ ನಡೆಸುವ ಕಾಜಿ ಮೆಹರ್ ಕೊಟ್ಟಾಯಿತೇ ಎಂದು ಕೇಳುವ ಮೊದಲು ವರದಕ್ಷಿಣೆ ತೆಗೆದುಕೊಂಡಿದ್ದೀಯಾ ಎಂದು ಕೇಳಲಿ. ‘ಹಲಾಲ್’ ಹೂಡಿಕೆಯೆಂದು ಬಂದವನ ಬಳಿ ನೋಂದಣಿ ಪತ್ರವನ್ನೂ ತಪಾಸಣೆಯಾದ ಲೆಕ್ಕವನ್ನೂ ಕೇಳಲಿ. ಇವು ದೊಡ್ಡ ಕ್ರಾಂತಿಗಳಲ್ಲ. ಆದರೆ ಇವಿಲ್ಲದೆ ಆದರ್ಶ ಸಮಾಜದ ಕುರಿತ ಭಾಷಣಗಳಿಗೆ ಅರ್ಥವಿಲ್ಲ.

ರಾಮರಾಜ್ಯವಿರಲಿ, ಕಲ್ಯಾಣವಿರಲಿ, ಮದೀನಾವಿರಲಿ, ಆದರ್ಶ ಸಮಾಜಗಳೆಲ್ಲ ಹಿಂದೆ ಎಂದೋ ಇದ್ದುವೆಂದು ನಂಬುವುದು ಸುಲಭ, ಮುಂದೆ ಎಂದೋ ಬರುವುವೆಂದು ಕಾಯುವುದು ಇನ್ನೂ ಸುಲಭ. 2019ರಲ್ಲಿ ಉಳಿತಾಯ ಕಳೆದುಕೊಂಡ ಕುಟುಂಬಗಳಿಗೆ ಅಷ್ಟು ದೂರ ಕಾಯುವ ವ್ಯವಧಾನವಿಲ್ಲ. ಅವರಿಗೆ ಬೇಕಾದದ್ದು ಈ ವರ್ಷದ ಲೆಕ್ಕ.